ಚೌತಿ ಸೆಪ್ಟೆಂಬರ್ 14ಕ್ಕೆ: ಈ ಮಳೆಗಾಲದ ಹಿತ್ತಲಿಗೆ ಬೀಜ ಯಾವಾಗ, ಮಡಿ ಹೇಗೆ?

ಅಘನಾಶಿನಿ ಅಂಚು (ಕುಮಟಾ):
2026ರಲ್ಲಿ ಅಧಿಕ ಜ್ಯೇಷ್ಠ ಬಂದು ಚೌತಿ ಸೆಪ್ಟೆಂಬರ್ 14ಕ್ಕೆ ಹೋಗಿದೆ. 2025ರಲ್ಲಿ ಆಗಸ್ಟ್ 27ಕ್ಕೇ ಮುಗಿದಿತ್ತು. ಹದಿನೆಂಟು ದಿನ ಪಂಚಾಂಗಕ್ಕೆ ಸಣ್ಣದು, ಹೀರೆಬಳ್ಳಿಗೆ ಸಣ್ಣದಲ್ಲ. ರೋಹಿಣಿ ಮಳೆಗೆ ಬೀಜ ಊರಿ ಚೌತಿಯ ಫಲಾವಳಿಗೆ (ಗಣಪತಿಯ ಮೇಲ್ಗಡೆ ತೂಗುಕಟ್ಟುವ ಹಣ್ಣು-ತರಕಾರಿಗಳಿಗೆ) ಕಾಯಿ ಕಟ್ಟುವ ವಾಡಿಕೆ ಈ ಸಲ ಕೈಕೊಡುತ್ತದೆ. ಮೇ ಕೊನೆಗೆ ಹಾಕಿದ ಹೀರೆ, ಬೆಂಡೆ, ಮುಳ್ಳುಸೌತೆ ಆಗಸ್ಟ್ ಮುಗಿಯುವಷ್ಟರಲ್ಲಿ ಸೊರಗಿರುತ್ತವೆ.

ಹಬ್ಬದಿಂದ ಹಿಂದಕ್ಕೆ ಎಣಿಸಿದರೆ ಹೀಗೆ ಬರುತ್ತದೆ. ಮುಳ್ಳುಸೌತೆಗೆ ಮೊದಲ ಕಾಯಿ 40–45 ದಿನಕ್ಕೆ, ಅಂದರೆ ಜುಲೈ ಕೊನೆಯ ವಾರ ಬಿತ್ತನೆ. ಬೆಂಡೆ 45–50 ದಿನ. ಹೀರೆ 50–55 ದಿನ, ಜುಲೈ 20ರ ಒಳಗೆ. ಹಾಗಲ 55–60, ಪಡವಲ 60–70. ಇವೆರಡೂ ಜುಲೈ ಮೊದಲ ಹತ್ತು ದಿನದಲ್ಲಿ ಬೀಳಬೇಕು. ಹರಿವೆಗೆ ತಿಂಗಳು ಸಾಕು, ಆಗಸ್ಟ್ 15ರ ಸುಮಾರಿಗೆ ಚೆಲ್ಲಬಹುದು.

ತೊಡಕು ಏನೆಂದರೆ ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ನಮ್ಮ ಕರಾವಳಿಗೆ ಅತಿ ಹೆಚ್ಚು ಮಳೆ ಹೊಯ್ಯುವ ತಿಂಗಳು ಅದೇ. ಆ ಮಳೆಯಲ್ಲಿ ನೇರವಾಗಿ ಮಣ್ಣಿಗೆ ಬೀಜ ಹಾಕಿದರೆ ಮೊಳಕೆ ಏಳುವ ಮೊದಲೇ ಕೊಳೆಯುತ್ತದೆ. ಆದ್ದರಿಂದ ಎರಡು ಕಂತು ಮಾಡುವುದು ಒಳ್ಳೆಯದು. ಒಂದು ಕಂತು ಮೇ 25ರ ಸುಮಾರಿಗೆ ಮನೆ ಬಳಕೆಗೆ, ಇನ್ನೊಂದು ಜುಲೈಯಲ್ಲಿ ಜಗಲಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ. ಘಟ್ಟದ ಮೇಲಿನವರೂ ಉಸುಕು ಮಣ್ಣಿನವರೂ ನಿಮ್ಮ ನಿಮ್ಮ ಲೆಕ್ಕ ಹಾಕಿ.

ಶಾಲ್ಮಲಾ ಬದಿ (ಶಿರಸಿ):
ಎರಡು ಕಂತು ಸರಿ. ಆದರೆ ಮೊಗೆಕಾಯಿಯನ್ನು (ಸಾಂಬಾರು ಸೌತೆ) ಈ ಪಟ್ಟಿಗೆ ಸೇರಿಸಬೇಡಿ. ಮೊಗೆಗೆ ಬಣ್ಣ ತಿರುಗಿ ಬಲಿಯಲು 75–80 ದಿನ ಬೇಕು. ರೋಹಿಣಿಗೇ ಹಾಕಿ, ಆಗಸ್ಟ್‌ನಲ್ಲಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿದರೆ ಚೌತಿ ಯಾವತ್ತು ಬಂದರೂ ಕಾಯಿ ಇರುತ್ತದೆ. ತೊಟ್ಟು ಎರಡು ಇಂಚು ಉಳಿಸಿ ಕೊಯ್ಯಬೇಕು, ಬಿಸಿಲಿದ್ದ ದಿನವೇ ಕೊಯ್ಯಬೇಕು. ತೊಟ್ಟು ಮುರಿದದ್ದು ಅಥವಾ ನೆಲ ತಾಗಿದ ಕಡೆ ಮೆತ್ತಗಾದದ್ದು ಮೊದಲ ವಾರದಲ್ಲೇ ಸಾರಿಗೆ ಹೋಗಲಿ.

ಬೀಜಕ್ಕಿಂತ ಮೊದಲು ಮಡಿಯ ಮಾತು ಆಗಬೇಕು. ಜಂಬಿಟ್ಟಿಗೆ ಮಣ್ಣಿನಲ್ಲಿ ಮೂರು ಅಡಿ ಅಗಲ, ಕನಿಷ್ಠ ಒಂದು ಅಡಿ ಎತ್ತರದ ಏರುಮಡಿ ಮಾಡಿ. ನಡುವೆ ಒಂದೂವರೆ ಅಡಿಯ ಬಸಿಗಾಲುವೆ, ಹತ್ತಡಿಗೆ ಒಂದು ಇಂಚಾದರೂ ಇಳಿಜಾರು, ತುದಿಯಲ್ಲಿ ನೀರು ಹೊರಗೆ ಬೀಳುವ ಬಾಯಿ. ಆ ಬಾಯಿ ಇಲ್ಲದಿದ್ದರೆ ಕಾಲುವೆ ಅಲ್ಲ, ಅದು ಕೆರೆ. ಮಡಿಯ ಬದಿಗೆ ಅಡಿಕೆ ದಬ್ಬೆ ಅಡ್ಡ ಕೊಟ್ಟು ಗೂಟ ಹೊಡೆದರೆ ಆರಿದ್ರಾ ಮಳೆಗೆ ಅಂಚು ಕುಸಿಯುವುದಿಲ್ಲ. ಮೇಲ್ಮೈಯನ್ನು ಆಮೆಯ ಬೆನ್ನಿನ ಹಾಗೆ ಉಬ್ಬಿಸಿ. ಚಪ್ಪಟೆ ಬಿಟ್ಟರೆ ನಡುವೆ ನೀರು ನಿಂತು ಬೇರು ಉಸಿರುಗಟ್ಟುತ್ತದೆ.

ಕಾಳಿದಡ (ಕಾರವಾರ):
ಉಸುಕು ನೆಲದಲ್ಲಿ ಅರ್ಧ ಅಡಿ ಎತ್ತರ ಸಾಕು ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಮೇ ತಿಂಗಳಲ್ಲಿ ಒಂದು ಅಡಿ ಗುಂಡಿ ತೋಡಿ ನೀರು ಹೊಯ್ದು ನೋಡಿದರೆ ಹತ್ತೇ ನಿಮಿಷಕ್ಕೆ ಇಂಗುತ್ತದೆ, ನೋಡಿದವರಿಗೆ ಖುಷಿ. ಅದೇ ಜಾಗದಲ್ಲಿ ಜುಲೈಗೆ ಅಂತರ್ಜಲ ಮೇಲೆ ಬಂದು ಆ ಗುಂಡಿಯೇ ತುಂಬಿರುತ್ತದೆ. ಬಾವಿಯ ಗೋಡೆಯಲ್ಲಿ ಮಳೆಗಾಲದ ನೀರಿನ ಗುರುತು ಎಲ್ಲಿದೆ ನೋಡಿ. ನೀರು ನೆಲಮಟ್ಟದಿಂದ ಎರಡು ಅಡಿ ಆಳಕ್ಕಿಂತ ಮೇಲೆ ಬರುವುದಾದರೆ ಉಸುಕಾದರೂ ಒಂದು ಅಡಿ ಏರಿಸಲೇಬೇಕು.

ಉಸುಕಿನ ಇನ್ನೊಂದು ಸ್ವಭಾವ, ಹಾಕಿದ ಗೊಬ್ಬರ ನಿಲ್ಲುವುದಿಲ್ಲ. ಬುಟ್ಟಿಗಟ್ಟಲೆ ಒಮ್ಮೆಲೇ ಸುರಿದರೆ ಎರಡು ಜಡಿಮಳೆಗೆ ಸಾರವೆಲ್ಲ ಕೆಳಗಿಳಿಯುತ್ತದೆ. ಗುಂಡಿಗೆ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಬೊಗಸೆಯಂತಿರುವ ಒಳಬದಿ ಮೇಲೆ ಬರುವಂತೆ ಒಂದು ಸಾಲು ಇಟ್ಟು, ಮೇಲೆ ಎರಡು ಕೆ.ಜಿ. ಹಳೆಯ ಸಗಣಿ ಗೊಬ್ಬರ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕಾಲು ಕೆ.ಜಿ. ಎರೆಗೊಬ್ಬರ. ಇಷ್ಟೇ ಕ್ರಮ. ಹೊಸ ಸಿಪ್ಪೆಯಾದರೆ ಒಂದು ವಾರ ನೀರಲ್ಲಿ ನೆನೆಸಿ, ಕಂದು ನೀರನ್ನು ಎರಡು ಮೂರು ಸಲ ಚೆಲ್ಲಿ.

ಗಂಗಾವಳಿ ಹಿತ್ತಲು (ಅಂಕೋಲಾ):
ಕಾಳಿದಡದವರ ಮಾತಿಗೆ ಒಂದು ಸೇರ್ಪಡೆ. ಮೇ ತಿಂಗಳಲ್ಲಿ ಹೊಳೆ ಬಾಯಿಯ ಹತ್ತಿರದ ಬಾವಿಗಳಲ್ಲಿ ಉಪ್ಪು ಏರಿರುತ್ತದೆ. ಬಾಯಿಗೆ ಹಾಕಿದಾಗ ಚಪ್ಪೆಯಲ್ಲ ಅನಿಸಿದರೆ ಆ ನೀರನ್ನು ರೋಹಿಣಿ ಕಂತಿನ ಸಸಿಗೆ ಹಾಕಬೇಡಿ, ಎಲೆಯ ಅಂಚು ಸುಟ್ಟಂತೆ ಒಣಗುತ್ತದೆ. ಮೊದಲ ಮಳೆಗೆ ಉಪ್ಪು ತೊಳೆದು ಹೋಗಲಿ, ನಂತರ ಬಿತ್ತಿದರೆ ಸಾಕು. ಗಜನಿಯ (ಹೊಳೆ ಬಾಯಿಯ ಉಪ್ಪುನೀರಿನ ಗದ್ದೆಯ) ಕಪ್ಪು ಮಣ್ಣು ಚೆನ್ನಾಗಿ ಕಾಣುತ್ತದೆಂದು ಬುಟ್ಟಿಯಲ್ಲಿ ತಂದು ಮಡಿಗೆ ಹಾಕುವವರೂ ಇದ್ದಾರೆ. ಅದು ಉಪ್ಪು ತಡೆಯುವ ಕಗ್ಗ ಭತ್ತಕ್ಕೆ ಸರಿ, ಬೆಂಡೆಗೆ ಅಲ್ಲ. ಒಣಮೀನಿನ ಪುಡಿಯೂ ಅಷ್ಟೇ. ಉಪ್ಪು ಹಾಕಿ ಒಣಗಿಸಿದ್ದನ್ನು ತರಕಾರಿ ಮಡಿಗೆ ತರಬೇಡಿ.

ಮೀನಿನ ಸಾರ ಬೇಕಿದ್ದರೆ ಬಂಗಡೆ, ತಾರ್ಲೆ ಹೆಚ್ಚಿ ಉಳಿದ ತಲೆ, ಕರುಳು ಒಂದು ಕೆ.ಜಿ.ಗೆ ಬೆಲ್ಲ ಒಂದು ಕೆ.ಜಿ. ಕಲಸಿ, ಪ್ಲಾಸ್ಟಿಕ್ ಡಬ್ಬಿಯ ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿಡಿ. 20–25 ದಿನಕ್ಕೆ ಮೀನಿನ ವಾಸನೆ ಹೋಗಿ ಹುಳಿಸಿಹಿ ವಾಸನೆ ಬರುತ್ತದೆ. ಸೋಸಿ, ಒಂದು ಲೀಟರ್ ನೀರಿಗೆ 3–5 ಮಿಲಿ. ವಾಸನೆ ಕೊಳೆತದ್ದೇ ಆಗಿದ್ದರೆ ಬೆಲ್ಲ ಕಡಿಮೆ ಬಿದ್ದಿದೆ, ಇನ್ನಷ್ಟು ಸೇರಿಸಿ. ಸಾಂದ್ರವಾಗಿ ಹೊಯ್ದರೆ ಎಲೆ ಸುಡುತ್ತದೆ, ಜೊತೆಗೆ ಊರಿನ ನಾಯಿಗಳೆಲ್ಲ ಮಡಿ ಕೆದರುತ್ತವೆ.

ತಾರಸಿ ತೋಟ (ಕಾರವಾರ):
ಸುಣ್ಣ ಎಷ್ಟು ಹಾಕಬೇಕು? ತಾರಸಿಯ ಚೀಲಗಳಿಗೆ ಹಾಗೂ ಕೆಳಗಿನ ಕೆಂಪು ಮಣ್ಣಿನ ಮಡಿಗೆ, ಎರಡಕ್ಕೂ ಹೇಳಿ. ಚಿಪ್ಪಿ ಸುಣ್ಣ ಸುಲಭವಾಗಿ ಸಿಗುತ್ತದೆ.

ಶಾಲ್ಮಲಾ ಬದಿ (ಶಿರಸಿ):
ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ರಸಸಾರ (pH) 5ರಿಂದ 5.5ರ ಆಸುಪಾಸು ಇರುವುದು ಸಾಮಾನ್ಯ. ಮಣ್ಣು ಪರೀಕ್ಷೆ ಮಾಡಿಸಿದರೆ ಒಳ್ಳೆಯದು, ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪರೀಕ್ಷೆ ಇಲ್ಲದಿದ್ದರೆ ಕೃಷಿ ಸುಣ್ಣ ಚದರ ಮೀಟರಿಗೆ 200 ಗ್ರಾಂ ಮೀರಬೇಡಿ. ಚಿಪ್ಪಿ ಸುಣ್ಣ ಅರಳಿಸಿದ್ದಾದರೆ 150 ಗ್ರಾಂ ಸಾಕು, ಅದು ಹೆಚ್ಚು ಚುರುಕು. ಅರಳಿಸದ ಸುಟ್ಟ ಸುಣ್ಣ ಬೇಡವೇ ಬೇಡ. ಕಣ್ಣಿಗೆ ಹಾರಿದರೆ ಅಪಾಯ, ಬೇರು ತಾಗಿದರೆ ಸುಡುತ್ತದೆ.

ಹಾಕಿ, ಆರು ಇಂಚು ಆಳಕ್ಕೆ ಕೆದಕಿ, ಎರಡು ಮೂರು ವಾರ ಬಿಟ್ಟು ಆಮೇಲೆ ಸಗಣಿ ಗೊಬ್ಬರ. ಎರಡನ್ನೂ ಒಂದೇ ದಿನ ಕಲಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ; ಮೂಗಿಗೇ ಗೊತ್ತಾಗುತ್ತದೆ. ತಾರಸಿ ಚೀಲದಲ್ಲಿ ಅರ್ಧ ಭಾಗ ಗೊಬ್ಬರ, ನಾರುಪುಡಿ ಇರುವುದರಿಂದ ಹತ್ತು ಕೆ.ಜಿ. ಮಿಶ್ರಣಕ್ಕೆ ಒಂದು ದೊಡ್ಡ ಚಮಚ ಕೃಷಿ ಸುಣ್ಣ ಸಾಕು. ಚೀಲವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಇಡಿ, ತಳದ ತೂತು ಮುಚ್ಚಿಕೊಳ್ಳುವುದೇ ಮಳೆಗಾಲದಲ್ಲಿ ತಾರಸಿ ಗಿಡ ಸಾಯಲು ಮೊದಲ ಕಾರಣ.

ಶರಾವತಿ ಕೆಳದಂಡೆ (ಹೊನ್ನಾವರ):
ಸುಣ್ಣದ ಬದಲು ಸುಡುಮಣ್ಣು ಹಾಕಿದರೆ ಆಗುವುದಿಲ್ಲವೇ? ಸೌತೆಗೆ, ಮೊಗೆಗೆ ನಮ್ಮ ಕಡೆ ಅದೇ ರೂಢಿ.

ಶಾಲ್ಮಲಾ ಬದಿ (ಶಿರಸಿ):
ಆಗುತ್ತದೆ, ಆದರೆ ಎರಡೂ ಬೇಡ. ಸುಡುಮಣ್ಣಿನಲ್ಲಿ ಬೂದಿ ಇರುವುದರಿಂದ ಅದೂ ಹುಳಿ ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಸುಣ್ಣ, ಸುಡುಮಣ್ಣು ಎರಡೂ ಹೆಚ್ಚಾದರೆ ಕಬ್ಬಿಣ, ಸತು ಗಿಡಕ್ಕೆ ಸಿಗದೆ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಸುಡುವಾಗ ದರಕು (ಒಣ ಎಲೆ), ಕಡ್ಡಿ, ಮೇಲೆ ಮಣ್ಣು ಎಂದು ಪದರ ಪದರವಾಗಿ ಒಟ್ಟಿ, ಹೊಗೆಯಲ್ಲೇ ಬೇಯಿಸಬೇಕು. ಮಣ್ಣು ಕಪ್ಪಾದಾಗ ನಿಲ್ಲಿಸಿ. ಇಟ್ಟಿಗೆಯಂತೆ ಕೆಂಪಾಯಿತೆಂದರೆ ಅದರ ಜೀವಾಂಶ ಪೂರ್ತಿ ಹೋಯಿತು, ಅದು ಗುಂಡಿ ತುಂಬಲು ಮಾತ್ರ. ಕಪ್ಪಾದ ಸುಡುಮಣ್ಣು ಪೂರ್ತಿ ಆರಿದ ಮೇಲೆ ನೆಡುವ ಗುಂಡಿಗೆ ಒಂದು ಬುಟ್ಟಿ. ದರಕನ್ನೆಲ್ಲ ಸುಡುವುದಕ್ಕಿಂತ ಮುಚ್ಚಿಗೆಗೆ (ಮಡಿಯ ಮಣ್ಣಿನ ಮೇಲಿನ ಹೊದಿಕೆಗೆ) ಉಳಿಸಿಕೊಳ್ಳುವುದು ಲಾಭ ಎಂಬುದು ನನ್ನ ವಾದ.

ಗಂಗಾವಳಿ ಹಿತ್ತಲು (ಅಂಕೋಲಾ):
ಮುಚ್ಚಿಗೆ ಹಾಕಿದರೆ ಅದರಡಿ ಬಸವನಹುಳುಗಳ ಸಂಸಾರ! ಆಫ್ರಿಕನ್ ಬಸವನಹುಳು ಬಂದ ಕಡೆ ಜೂನ್, ಜುಲೈಯಲ್ಲಿ ಮುಚ್ಚಿಗೆಯೇ ಬೇಡ ಎನ್ನುತ್ತೇನೆ. ಒಂದೇ ರಾತ್ರಿಗೆ ಹತ್ತು ಸೌತೆ ಸಸಿ ದಂಟು ಮಾತ್ರ ಉಳಿಯುತ್ತದೆ.

ಶಾಲ್ಮಲಾ ಬದಿ (ಶಿರಸಿ):
ಮುಚ್ಚಿಗೆ ಇಲ್ಲದಿದ್ದರೆ ಮಳೆಹನಿ ಸಿಡಿದು ಮಣ್ಣು ಎಲೆಗೆ ಅಂಟುತ್ತದೆ, ರೋಗ ಬರುವುದು ಅಲ್ಲಿಂದಲೇ. ಮೂರು ಇಂಚು ದರಕು ಹಾಕಿ, ಬುಡದ ಸುತ್ತ ಒಂದು ಗೇಣು ಖಾಲಿ ಬಿಟ್ಟರೆ ಎರಡೂ ಆಯಿತು.

ಕಾಳಿದಡ (ಕಾರವಾರ):
ಹುಳು ಇದ್ದ ಕಡೆ ಆ ಒಂದು ಗೇಣು ಸಾಲದು. ಸಸಿ ಒಂದು ಮೊಳ ಬೆಳೆಯುವ ತನಕ ಮುಚ್ಚಿಗೆ ತಡೆಯಿರಿ, ಆಮೇಲೆ ಹಾಕಿ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರಡಿ ಪಪ್ಪಾಯ ಎಲೆ, ಕೋಸಿನ ಎಲೆ ಇಟ್ಟು, ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು, ಬೆಳಿಗ್ಗೆ ಇನ್ನೊಮ್ಮೆ ಹೆಕ್ಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅವುಗಳಲ್ಲಿ ಮನುಷ್ಯರಿಗೆ ತಗಲುವ ಪರಾವಲಂಬಿ ಹುಳುಗಳಿರಬಹುದು. ಬಕೆಟ್ಟಿನಲ್ಲಿ ಗಟ್ಟಿ ಉಪ್ಪುನೀರು ಮಾಡಿ ಅದಕ್ಕೆ ಹಾಕಿ. ಉಪ್ಪನ್ನು ಮಡಿಗೆ ಎರಚಿದರೆ ಹುಳುವಿನ ಜೊತೆ ಗಿಡವೂ ಹೋಗುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ನಾಯಿ ಬೆಕ್ಕು ಇರುವ ಮನೆಗೆ ಬೇಡ, ತಿಂದರೆ ಪ್ರಾಣಕ್ಕೇ ಬರುತ್ತದೆ. ಮೊಟ್ಟೆ ಸಾಸಿವೆಗಿಂತ ದೊಡ್ಡ, ಬಿಳಿ-ಹಳದಿ ಗುಂಪಾಗಿ ಮಣ್ಣಿನ ಬಿರುಕಿನಲ್ಲಿರುತ್ತದೆ. ಮೇ ತಿಂಗಳಲ್ಲೇ ಕಲ್ಲುಗೋಡೆಯ ಸಂದಿ, ಹಳೆಯ ಮಡಲಿನ ರಾಶಿ ಕೆದಕಿ ನೋಡಿ.

ಅಘನಾಶಿನಿ ಅಂಚು (ಕುಮಟಾ):
ಜುಲೈ ಕಂತಿನ ಚೀಲದ ಕ್ರಮ ಬರೆಯುತ್ತೇನೆ. 4×6 ಇಂಚಿನ ಚೀಲ, ತಳದಲ್ಲಿ ನಾಲ್ಕು ತೂತು. ಮಣ್ಣು ಎರಡು ಪಾಲು, ಜರಡಿ ಹಿಡಿದ ಗೊಬ್ಬರ ಒಂದು, ಉಸುಕು ಒಂದು. ಗೊಬ್ಬರಕ್ಕೆ ಮೊದಲೇ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಶಿಲೀಂಧ್ರದ ಪುಡಿ) ಸೇರಿಸಿ: ಐದು ಕೆ.ಜಿ.ಗೆ 50 ಗ್ರಾಂ, ಕೈಯಲ್ಲಿ ಹಿಂಡಿದರೆ ಉಂಡೆಯಾಗುವಷ್ಟು ತೇವ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಹತ್ತು ದಿನ. ಬೀಜ ಎರಡು ಸೆಂಟಿಮೀಟರ್ ಆಳ, ಚೀಲಕ್ಕೆ ಎರಡು. ಗಟ್ಟಿ ಸಿಪ್ಪೆಯ ಹಾಗಲ, ಪಡವಲ ಒಂದು ರಾತ್ರಿ ನೆನೆಯಲಿ. ಮಳೆ ಬೀಳದ, ಬೆಳಕು ಇರುವ ಜಾಗ. ಒಳಗಿನ ಕತ್ತಲೆಯಲ್ಲಿಟ್ಟರೆ ಸಸಿ ನೂಲಿನಂತೆ ಎಳೆದು ಬೀಳುತ್ತದೆ.

ಎರಡು ನಿಜ ಎಲೆ ಬಂದಾಗ, ಅಂದರೆ 12–15 ದಿನಕ್ಕೆ ನೆಡಬೇಕು. ಬಳ್ಳಿ ಜಾತಿಗೆ ಬೇರು ಅಲ್ಲಾಡಿದರೆ ಸಿಟ್ಟು. ಚೀಲ ಸೀಳಿ ಮಣ್ಣಿನ ಮುದ್ದೆ ಸಮೇತ ಇಳಿಸಿ. 20 ದಿನ ಮೀರಿದರೆ ಬೇರು ಸುತ್ತಿಕೊಂಡು ಗಿಡ ಕುಂಠಿತ.

ಹಳೆಯ ಬೀಜ ಇದ್ದವರು ಈಗಲೇ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿ. ಐದು ದಿನಕ್ಕೆ ಏಳು ಮೊಳೆತರೆ ಬಳಸಿ, ಐದಾದರೆ ದುಪ್ಪಟ್ಟು ಹಾಕಿ, ಅದಕ್ಕಿಂತ ಕಡಿಮೆಯಾದರೆ ಹೊಸದು ಹುಡುಕಿ. ನಾಟಿ ಬೀಜಕ್ಕೆ ಶಿರಸಿಯ ವನಸ್ತ್ರೀ ಬಳಗದವರ ಮಲೆನಾಡ ಮೇಳ ಒಳ್ಳೆಯ ಜಾಗ.

ಸೋಗೆಮನೆ (ಸಿದ್ದಾಪುರ):
ಕಾಯಿ ಕಚ್ಚದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಮಳೆಯಲ್ಲಿ ಜೇನು ಹಾರುವುದಿಲ್ಲ. ಮಿಡಿ ಹೆಬ್ಬೆರಳಿನಷ್ಟಾಗಿ ಹಳದಿ ತಿರುಗಿ ಉದುರಿದರೆ ಬಹಳ ಸಲ ಅದು ರೋಗವೂ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ, ಪರಾಗ ಮುಟ್ಟಿಲ್ಲ. ಕೈಯಿಂದ ಮುಟ್ಟಿಸಬೇಕು. ಎಲ್ಲರೂ ಬೆಳಿಗ್ಗೆ ಹೋಗುತ್ತಾರೆ, ಅಲ್ಲೇ ಎಡವುವುದು. ಸೌತೆ, ಹಾಗಲ, ಸಿಹಿಗುಂಬಳ ಬೆಳಗಿನ ಹೂವು, ಎಂಟು ಗಂಟೆಯೊಳಗೆ ಮುಗಿಸಿ. ಹೀರೆ, ಪಡವಲ, ಸೋರೆ ಸಂಜೆ ಅರಳುತ್ತವೆ. ದೀಪ ಹಚ್ಚುವ ಹೊತ್ತಿಗೆ ಹೋಗಿ. ಬುಡದಲ್ಲಿ ಮಿಡಿ ಇರುವುದು ಹೆಣ್ಣು. ಗಂಡು ಹೂ ಕಿತ್ತು, ಎಸಳು ಹಿಂದೆ ಮಡಚಿ, ಹೆಣ್ಣಿನ ನಡುವೆ ಮೆಲ್ಲಗೆ ತಿಕ್ಕಿ. ಒಂದು ಗಂಡಿನಿಂದ ಎರಡು ಮೂರು ಹೆಣ್ಣು ಆಗುತ್ತದೆ.

ಗಂಡು ಹೂವಿನ ಒಳಗೆ ನೀರು ನಿಂತಿದ್ದರೆ ಪರಾಗ ಕೆಟ್ಟಿದೆ ಎಂದೇ ತಿಳಿಯಿರಿ. ನಾಳೆ ಅರಳುವ ಮೊಗ್ಗಿಗೆ ಮೊದಲೇ ಅಡಿಕೆ ಹಾಳೆಯ ಚೂರನ್ನು ಟೋಪಿ ಹಾಗೆ ಮಡಚಿ ಸಿಕ್ಕಿಸಿದರೆ ಒಣಗಿ ಉಳಿಯುತ್ತದೆ.

ಶರಾವತಿ ಕೆಳದಂಡೆ (ಹೊನ್ನಾವರ):
ಇಷ್ಟು ಮಾಡಿ ಕಚ್ಚಿದ ಕಾಯಿಗೆ ಹಣ್ಣುನೊಣ ಚುಚ್ಚುತ್ತದೆ. ನೊಣ ಸೆಳೆದು ಹಿಡಿಯುವ ಬಲೆಯನ್ನು ಅಂಗಡಿಯಲ್ಲಿ ಕೇಳುವಾಗ ಹುಷಾರು: ಮಾವಿಗೆ ಬಳಸುವುದು ಮೀಥೈಲ್ ಯುಜಿನಾಲ್, ಬಳ್ಳಿ ತರಕಾರಿಗೆ ಬೇಕಾದದ್ದು ಕ್ಯೂ ಲೂರ್. ಅದಲು ಬದಲಾದರೆ ಬಲೆ ಖಾಲಿ, ಕಾಯಿ ತುಂಬ ಹುಳು. ಬಳ್ಳಿ ಹೂ ಬಿಡುವ ಮೊದಲೇ ಚಪ್ಪರದ ಕೆಳಗೆ ನಾಲ್ಕೈದು ಅಡಿ ಎತ್ತರದಲ್ಲಿ, ಎರಚಲು ಬಡಿಯದ ಬದಿಗೆ ತೂಗುಹಾಕಿ. ಎರಡು ಗುಂಟೆ ಹಿತ್ತಲಿಗೆ ಎರಡು ಸಾಕು. ಒಳಗಿನ ತುಂಡನ್ನು ಒಂದೂವರೆ–ಎರಡು ತಿಂಗಳಿಗೆ ಬದಲಿಸಬೇಕು.

ಅದು ಗಂಡು ನೊಣವನ್ನು ಮಾತ್ರ ಹಿಡಿಯುತ್ತದೆ. ಹೊರಗಿನಿಂದ ಗರ್ಭ ಹೊತ್ತು ಬರುವ ಹೆಣ್ಣಿಗೆ ಬಲೆ ಲೆಕ್ಕಕ್ಕಿಲ್ಲ. ಆದ್ದರಿಂದ ಮಿಡಿ ಬೆರಳುದ್ದ ಆದಾಗಲೇ ಕಾಗದದ ಪೊಟ್ಟಣ ಕಟ್ಟಿ. ಜಡಿಮಳೆಯಲ್ಲಿ ಕಾಗದ ಹರಿಯುವ ಕಾರಣ ಹಳೆಯ ಸೀರೆಯ ಬಟ್ಟೆ ಉತ್ತಮ. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವರಿ ಕೊಳೆಯುತ್ತದೆ. ಚುಚ್ಚಿದ ಕಾಯಿಯನ್ನು ಗೊಬ್ಬರಗುಂಡಿಗೆ ಎಸೆಯುವುದು ದೊಡ್ಡ ತಪ್ಪು, ಅಲ್ಲೇ ಮುಂದಿನ ಸಂತತಿ ಹುಟ್ಟುತ್ತದೆ. ಒಂದೂವರೆ ಅಡಿ ಆಳಕ್ಕೆ ಹೂಳಿ, ಇಲ್ಲವೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಡಿ.

ತಾರಸಿ ತೋಟ (ಕಾರವಾರ):
ಟೊಮೆಟೊ ಈ ಮಳೆಯಲ್ಲಿ ಸಾಧ್ಯವೇ? ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಬಾಡಿ ಬೀಳುವುದನ್ನು ತಪ್ಪಿಸುವುದು ಹೇಗೆ?

ಸೋಗೆಮನೆ (ಸಿದ್ದಾಪುರ):
ಎಲೆ ಹಳದಿಯಾಗದೆ ಹಸಿರಲ್ಲೇ ಬಾಡಿದರೆ ದುಂಡಾಣು ಸೊರಗು ರೋಗದ ಗುಮಾನಿ. ಬುಡದ ದಂಟನ್ನು ಎರಡು ಇಂಚು ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನ ಎಳೆಯಂತೆ ಇಳಿದರೆ ಅದೇ. ಔಷಧಿಗೆ ದುಡ್ಡು ಹಾಕಬೇಡಿ. ಗಿಡವನ್ನು ಮಣ್ಣಿನ ಸಮೇತ ತೆಗೆದು, ಆ ಜಾಗಕ್ಕೆ ಬದನೆ, ಮೆಣಸು, ಟೊಮೆಟೊ ಮೂರು ವರ್ಷ ಬೇಡ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಈ ರೋಗ ತಡೆಯುತ್ತದೆ. ಇಲ್ಲವೇ ಬದನೆ ಜಾತಿಯ ಕಾಡು ಗಿಡವಾದ ಸುಂಡೆಗೆ ಬದನೆ, ಟೊಮೆಟೊ ಕಸಿ. ಸುಂಡೆ ನಿಧಾನ, ಮೂರು ನಾಲ್ಕು ವಾರ ಮೊದಲೇ ಬಿತ್ತಬೇಕು. ಎರಡರ ದಂಟೂ ಒಂದೇ ದಪ್ಪ ಬಂದಾಗ ಸೀಳು ಕಸಿ ಮಾಡಿ, ಪ್ಲಾಸ್ಟಿಕ್ ಹೊದಿಸಿ ಒಂದು ವಾರ ನೆರಳು. ಕಸಿಗಂಟು ಮಣ್ಣಿನ ಮೇಲೆ ಉಳಿಯಬೇಕು. ಮುಚ್ಚಿದರೆ ಮೇಲಿನ ಗಿಡವೇ ಬೇರು ಬಿಟ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ. ಇಷ್ಟಾದರೂ ಮೇಲೆ 200 ಮೈಕ್ರಾನ್ ಹಾಳೆಯ ಮಾಡು ಇಲ್ಲದೆ ಜುಲೈಯಲ್ಲಿ ಟೊಮೆಟೊ ಎಲೆ ಉಳಿಯುವುದಿಲ್ಲ. ಬದಿ ತೆರೆದಿರಲಿ. ಕಾರವಾರದ ಗಾಳಿಗೆ ಪಡುವಣ ಬದಿಗೆ ಮಾತ್ರ ನೆರಳು ಬಲೆ ಕಟ್ಟಿ, ಉಪ್ಪುಗಾಳಿಯೂ ತಗ್ಗುತ್ತದೆ. ನನ್ನನ್ನು ಕೇಳಿದರೆ ಟೊಮೆಟೊ ಅಕ್ಟೋಬರಿಗೆ ಬಿಡಿ.

ಗಂಗಾವಳಿ ಹಿತ್ತಲು (ಅಂಕೋಲಾ):
ಬಸಳೆಯೂ ಹಾಗೆಯೇ. ಜುಲೈಯಲ್ಲಿ ಕಡ್ಡಿ ಊರಿದರೆ ಕೊಳೆಯುತ್ತದೆ, ಬದುಕಿದರೂ ಎಲೆ ತುಂಬ ಕೆಂಪು ಅಂಚಿನ ಚುಕ್ಕೆ. ಮಘಾ ಮಳೆ ತಗ್ಗಿದ ಮೇಲೆ ಮೂರು ನಾಲ್ಕು ಗಿಣ್ಣಿನ ಬಲಿತ ಕಡ್ಡಿ ಊರಿ. ಹರಿವೆ ಬೀಜಕ್ಕೆ ಹತ್ತು ಪಾಲು ಉಸುಕು ಬೆರೆಸಿ ಚೆಲ್ಲಿ, ಇರುವೆ ಕಾಟ ಇದ್ದರೆ ಮಡಿಯ ಅಂಚಿಗೆ ಅಕ್ಕಿತರಿ ಹಾಕಿ. ಅವು ತರಿ ಹೊರುವುದರಲ್ಲೇ ಮೂರು ದಿನ ಕಳೆಯುತ್ತವೆ.

ತಾರಸಿ ತೋಟ (ಕಾರವಾರ):
ಮಂಗ ಬರುವ ಕಡೆ ಏನು ಹಾಕುವುದು?

ಶಾಲ್ಮಲಾ ಬದಿ (ಶಿರಸಿ):
ಬೆಂಡೆ, ಅಲಸಂದೆ, ಸೌತೆ ಮನೆಗೆ ಅಂಟಿಕೊಂಡ ಜಾಗಕ್ಕೆ. ದೂರಕ್ಕೆ ಹಾಗಲ, ಅರಿಶಿನ, ಶುಂಠಿ, ಕೆಸು. ಶುಂಠಿ 20–25 ಗ್ರಾಂ ತುಂಡು, ಒಂದೆರಡು ಮೊಳಕೆ ಇರಬೇಕು, ಗೇಣಿಗೊಂದು, ಎರಡು ಇಂಚು ಆಳ, ಮುಂಗಾರು ಪೂರ್ವದ ಮಳೆಗೇ. ಎಲೆ ಹಳದಿಯಾಗಿ, ಎಳೆದರೆ ದಂಟು ಸುಲಭವಾಗಿ ಕಿತ್ತುಬಂದರೆ ಕೊಳೆರೋಗ. ಆ ಬುಡ ತೆಗೆದು, ಸುತ್ತಲಿನ ಗಿಡಗಳ ಬುಡಕ್ಕೆ ಶೇಕಡಾ 1ರ ಬೋರ್ಡೋ ಹೊಯ್ಯಿರಿ. ಹತ್ತು ಲೀಟರಿಗೆ ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ಕರಗಿಸಿ ಬೆರೆಸುವುದು. ಕಬ್ಬಿಣದ ಮೊಳೆ ಅದ್ದಿ ನೋಡಿ, ಕೆಂಪು ಲೇಪ ಬಂದರೆ ಸುಣ್ಣ ಇನ್ನೂ ಬೇಕು. ಆ ದಿನವೇ ಖಾಲಿ ಮಾಡಿ. ಟ್ರೈಕೋಡರ್ಮಾ ಹಾಕಿದ ಜಾಗಕ್ಕೆ ಇದನ್ನು ಹೊಯ್ದರೆ ಅದೂ ಸಾಯುತ್ತದೆ, ಹದಿನೈದು ದಿನ ಅಂತರವಿರಲಿ. ಸೌತೆ ಸಸಿಗಳಿಗೆ ಇದೇ ದ್ರಾವಣ ಸಿಂಪಡಿಸಬೇಡಿ, ಎಳೆ ಎಲೆ ಸುಡುತ್ತದೆ.

ಹಂದಿ, ಮುಳ್ಳುಹಂದಿ ಬರುವುದಾದರೆ ಸುವರ್ಣಗಡ್ಡೆ, ಗೆಣಸು ಬೇಲಿಯೊಳಗೇ.

ಅಘನಾಶಿನಿ ಅಂಚು (ಕುಮಟಾ):
ಚೌತಿ ಮುಗಿದ ಮಡಿಯನ್ನು ಖಾಲಿ ಬಿಡುವವರಿಗೆ ಒಂದು ಮಾತು. ಸೆಪ್ಟೆಂಬರ್ ಕೊನೆಗೆ ಬಳ್ಳಿ ಕಿತ್ತಾಗ ಬೇರಿನಲ್ಲಿ ಗಂಟು ಇದೆಯೇ ನೋಡಿ. ಇದ್ದರೆ ಜಂತುಹುಳು, ಅಲ್ಲಿಗೆ ಗೊಂಡೆ ಹೂವಿನ ಸಸಿ ಒತ್ತಾಗಿ ನೆಡಿ. ನೆಟ್ಟ 55–60 ದಿನಕ್ಕೆ ಹೂವು, ಹಾಗಾಗಿ ದೀಪಾವಳಿಗೆ ಬೇಕಿದ್ದವರು ಸಸಿಯನ್ನು ಆಗಸ್ಟ್ ಮೊದಲ ವಾರವೇ ಜಗಲಿಯಲ್ಲಿ ಹಾಕಿಡಿ, ಸೆಪ್ಟೆಂಬರ್ ಮೊದಲಲ್ಲೇ ಯಾವುದಾದರೂ ಮುದಿ ಬೆಂಡೆ ಸಾಲು ಕಿತ್ತು ಜಾಗ ಮಾಡಿಕೊಳ್ಳಿ.

ಗಂಗಾವಳಿ ಹಿತ್ತಲು (ಅಂಕೋಲಾ):
ಬಿಳಿ ಬೆಂಡೆ, ಉದ್ದ ಪಡವಲ ಬೀಜ ನಮ್ಮಲ್ಲಿ ಹೆಚ್ಚಿದೆ, ಮೊಳಕೆ ಪರೀಕ್ಷೆ ಮಾಡಿದ್ದು, ಹತ್ತಕ್ಕೆ ಎಂಟು. ಬದಲಿಗೆ ಮೊಗೆ ಬೀಜ ಇದ್ದವರು ತಿಳಿಸಿ, ರೋಹಿಣಿಯೊಳಗೆ ಸಿಗಬೇಕು.